ಹಳೆಯ ಡೀಸೆಲ್ ಟ್ರಕ್ಕಿಗೆ ಎರಡು ಹೊಸ ಫಿಲ್ಟರುಗಳು



ನಮ್ಮ ದೇಹದಲ್ಲಿರುವ ರಕ್ತ ಸುಮಾರು 5 ಲೀಟರು. ನಾವು ಸುಮ್ಮನೆ ಕುಳಿತಿರುವಾಗ ಹೃದಯವು ಒಂದು ನಿಮಿಷಕ್ಕೆ ಸರಿಸುಮಾರು ಅಷ್ಟೇ ರಕ್ತವನ್ನು ದೂಡುತ್ತದೆ. ಅದರಲ್ಲಿ ಮೂತ್ರಪಿಂಡಗಳ ಪಾಲಿಗೆ ಬರುವುದು ಐದರಲ್ಲಿ ಒಂದು ಭಾಗ ಮಾತ್ರ. ಉಳಿದ ನಾಲ್ಕು ಭಾಗ ಸೋಸದೆಯೇ ಮೆದುಳಿಗೆ, ಸ್ನಾಯುಗಳಿಗೆ, ಜೀರ್ಣಾಂಗಗಳಿಗೆ ಹೋಗಿಬಿಡುತ್ತದೆ. ಹಾಗಿದ್ದರೂ ಆರೋಗ್ಯವಂತನ ರಕ್ತ ಕೊಳೆಯಾಗುವುದಿಲ್ಲ. ಏಕೆಂದರೆ ಈ ನಿಮಿಷ ತಪ್ಪಿಸಿಕೊಂಡ ಕಲ್ಮಷ ಮುಂದಿನ ನಿಮಿಷ, ಇಲ್ಲವೇ ಅದರ ಮುಂದಿನ ನಿಮಿಷ ಮೂತ್ರಪಿಂಡದ ದಾರಿಗೆ ಬರಲೇಬೇಕು. ಸ್ವಲ್ಪವನ್ನೇ ತೆಗೆದುಕೊಳ್ಳುವುದು, ಆದರೆ ಚೆನ್ನಾಗಿ ಸೋಸುವುದು, ಬಿಡುವಿಲ್ಲದೆ ಸೋಸುವುದು - ಇದು ಮೂತ್ರಪಿಂಡದ ಕ್ರಮ.

ಇದೇ ಕ್ರಮವನ್ನು ಹಳೆಯ ಡೀಸೆಲ್ ಟ್ರಕ್ಕಿನ ಎಂಜಿನ್ನಿಗೆ ಅಳವಡಿಸುವ ಬಗ್ಗೆ ಇಂದು ಮಾತನಾಡೋಣ. ಎಂಜಿನ್ನಿನಲ್ಲಿ ಎರಡು ದ್ರವಗಳು ಸುತ್ತುತ್ತಿರುತ್ತವೆ. ಒಂದು ಕೀಲೆಣ್ಣೆ, ಅಂದರೆ ಎಂಜಿನ್ ಆಯಿಲ್. ಇನ್ನೊಂದು ಶಾಖವನ್ನು ಹೊತ್ತು ರೇಡಿಯೇಟರಿಗೆ ಒಯ್ಯುವ ಕೂಲಂಟ್. ಈ ಎರಡಕ್ಕೂ ಪಕ್ಕದ ದಾರಿಯಲ್ಲಿ ಒಂದೊಂದು ಫಿಲ್ಟರನ್ನು, ಅಂದರೆ ಬೈಪಾಸ್ ಫಿಲ್ಟರನ್ನು, ವಾಹನದ ಮಾಲೀಕರೇ ತರಿಸಿ ಜೋಡಿಸಿಕೊಳ್ಳುವ ರೂಢಿ ಅಮೆರಿಕದಲ್ಲಿದೆ. ಕಾರ್ಖಾನೆಯಲ್ಲಿ ಕೊಟ್ಟಿಲ್ಲದ್ದನ್ನು ಅವರೇಕೆ ಸೇರಿಸಿಕೊಂಡರು? ಅದರಿಂದ ನಿಜವಾಗಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ? ಇದನ್ನು ತಿಳಿಯಲು ಒಂದು ನಿಜವಾದ ಎಂಜಿನ್ನನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಒಂದು ಎಂಜಿನ್ನಿನ ಕಥೆ

ಅಮೆರಿಕದಲ್ಲಿ 'ಟ್ರಕ್' ಎಂದರೆ ನಮ್ಮ ಹತ್ತು ಗಾಲಿಯ ಲಾರಿಯೇ ಆಗಬೇಕಿಲ್ಲ. ಹಿಂದೆ ತೆರೆದ ತೊಟ್ಟಿಯಿರುವ ದೊಡ್ಡ ಪಿಕಪ್ ವಾಹನಕ್ಕೂ ಅಲ್ಲಿ ಅದೇ ಹೆಸರು. ರೈತರು, ಕಟ್ಟಡದ ಗುತ್ತಿಗೆದಾರರು, ಕುದುರೆ-ದನಗಳನ್ನು ಸಾಗಿಸುವವರು ಇದನ್ನು ದುಡಿಮೆಗೆ ಬಳಸುತ್ತಾರೆ. ಫೋರ್ಡ್ ಕಂಪನಿಯ ಇಂತಹ ಟ್ರಕ್ಕುಗಳಿಗೆ 'ಪವರ್ ಸ್ಟ್ರೋಕ್' ಎಂಬ ಹೆಸರಿನ ಡೀಸೆಲ್ ಎಂಜಿನ್ನುಗಳನ್ನು ನ್ಯಾವಿಸ್ಟಾರ್ ಎಂಬ ಕಂಪನಿ ತಯಾರಿಸಿಕೊಡುತ್ತಿತ್ತು. 1994ರಿಂದ 7.3 ಲೀಟರ್ ಗಾತ್ರದ ಎಂಜಿನ್ ಬಂತು. ಅದು ಗಟ್ಟಿಮುಟ್ಟೆಂದು ಹೆಸರಾಯಿತು. 2003ರಲ್ಲಿ ಅದರ ಜಾಗಕ್ಕೆ 6.0 ಲೀಟರಿನ ಹೊಸ ಎಂಜಿನ್ ಬಂತು. ಪಿಕಪ್ ಟ್ರಕ್ಕುಗಳಲ್ಲಿ 2007ರವರೆಗೆ, ವ್ಯಾನುಗಳಲ್ಲಿ 2010ರವರೆಗೆ ಅದು ಮುಂದುವರಿಯಿತು. ಅಂಬ್ಯುಲೆನ್ಸ್‌ಗಳಾಗಿ ಓಡಿದ ಎಷ್ಟೋ ವ್ಯಾನುಗಳಲ್ಲಿ ಇದ್ದದ್ದು ಇದೇ ಎಂಜಿನ್.

ಈ 6.0 ಲೀಟರ್ ಎಂಜಿನ್ ಶಕ್ತಿವಂತವಾಗಿತ್ತು, ಆದರೆ ಬಹಳ ಕಡೆ ತೊಂದರೆ ಕೊಟ್ಟಿತು. ವಾರಂಟಿ ರಿಪೇರಿಯ ಖರ್ಚನ್ನು ಯಾರು ಭರಿಸಬೇಕೆಂಬ ವಿವಾದದಲ್ಲಿ ಎರಡು ಕಂಪನಿಗಳೂ 2007ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವು. 2009ರಲ್ಲಿ ರಾಜಿಯಾಯಿತು. ಅಷ್ಟು ಹೊತ್ತಿಗೆ ಲಕ್ಷಾಂತರ ಟ್ರಕ್ಕುಗಳು ರಸ್ತೆಯಲ್ಲಿದ್ದವು. ವಾರಂಟಿಯ ಅವಧಿ ಮುಗಿದ ಮೇಲೆ ಅವುಗಳನ್ನು ಓಡಿಸಿಕೊಂಡು ಹೋಗುವ ಹೊಣೆ ಮಾಲೀಕನದೇ. ದುಡಿಯುವ ಟ್ರಕ್ ನಿಂತರೆ ಅವನ ಸಂಪಾದನೆಯೂ ನಿಲ್ಲುತ್ತದೆ. ಈ ಒತ್ತಡದಲ್ಲೇ ಫಿಲ್ಟರುಗಳ ವಿಚಾರ ಮುಂದೆ ಬಂದದ್ದು.

ಮೊದಲು ಅಳತೆ

ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಬರಿಗಣ್ಣಿಗೆ ಕಾಣುವ ಅತಿ ಸಣ್ಣ ಕಣ ಸುಮಾರು 40 ಮೈಕ್ರಾನ್. ರಕ್ತದ ಕೆಂಪುಕಣದ ಅಗಲ 7ರಿಂದ 8 ಮೈಕ್ರಾನ್. ಎಂಜಿನ್ನಿನ ಬೇರಿಂಗಿನಲ್ಲಿ ತಿರುಗುವ ಲೋಹಕ್ಕೂ ಸುತ್ತಲಿನ ಲೋಹಕ್ಕೂ ನಡುವೆ ಇರುವ ಎಣ್ಣೆಯ ಪೊರೆ ಕೆಲವು ಸಂದರ್ಭಗಳಲ್ಲಿ ಕೆಲವೇ ಮೈಕ್ರಾನ್ ದಪ್ಪ. ಹೊರೆ ಹೆಚ್ಚಾದಾಗ ಅದು ಇನ್ನೂ ತೆಳುವಾಗುತ್ತದೆ.

ಇದರಿಂದ ಒಂದು ವಿಚಿತ್ರ ಸಂಗತಿ ಹೊರಡುತ್ತದೆ. ಎಂಜಿನ್ನನ್ನು ಸವೆಸುವ ಕಣಗಳಲ್ಲಿ ಹೆಚ್ಚಿನವು ನಮ್ಮ ಕಣ್ಣಿಗೇ ಬೀಳುವುದಿಲ್ಲ. 50 ಮೈಕ್ರಾನಿನ ಕಣ ಆ ಸಂದಿಯೊಳಗೆ ನುಗ್ಗಲಾರದು. 1 ಮೈಕ್ರಾನಿಗಿಂತ ಸಣ್ಣದು ಎಣ್ಣೆಯ ಪೊರೆಯೊಳಗೇ ಈಜಿ ಆಚೆ ಹೋಗಿಬಿಡುತ್ತದೆ. ಎಣ್ಣೆಯ ಪೊರೆಯಷ್ಟೇ ಗಾತ್ರದ ಕಣ, ಅಂದರೆ 3, 5, 10 ಮೈಕ್ರಾನಿನದು, ಎರಡು ಲೋಹಗಳ ಮಧ್ಯೆ ಸಿಕ್ಕಿಕೊಂಡು ಎರಡನ್ನೂ ಗೀರುತ್ತದೆ. ಗೀರಿದಾಗ ಹೊಸ ಲೋಹದ ಪುಡಿ ಹುಟ್ಟುತ್ತದೆ. ಆ ಪುಡಿ ಮತ್ತೆ ಗೀರುತ್ತದೆ.

ಎಣ್ಣೆಗೆ ಈ ಕಣಗಳು ಎಲ್ಲಿಂದ ಬರುತ್ತವೆ? ಗಾಳಿಯ ಫಿಲ್ಟರನ್ನು ದಾಟಿ ಬಂದ ದೂಳು, ಸವೆದ ಲೋಹ, ಡೀಸೆಲ್ ಉರಿದಾಗ ಉಳಿಯುವ ಮಸಿ - ಇವು ಮೂರು ಮುಖ್ಯ ಮೂಲಗಳು. ಡೀಸೆಲ್ ಎಂಜಿನ್ನಿನ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಗುವುದು ಈ ಮಸಿಯಿಂದ. ಮಸಿಯ ಒಂದೊಂದು ಕಣವೂ ಬಹಳ ಸಣ್ಣದು. ಆದರೆ ಅವು ಒಂದಕ್ಕೊಂದು ಅಂಟಿಕೊಂಡು ಬೆಳೆಯಬಲ್ಲವು.

ದೊಡ್ಡ ದಾರಿಯ ಫಿಲ್ಟರಿನ ಕಷ್ಟ

ಕಾರ್ಖಾನೆಯಿಂದ ಬಂದ ಎಂಜಿನ್ನಿನಲ್ಲಿ ಒಂದು ಎಣ್ಣೆ ಫಿಲ್ಟರ್ ಇದ್ದೇ ಇರುತ್ತದಲ್ಲ, ಅದನ್ನೇ ಇನ್ನಷ್ಟು ನುಣುಪಾದ ಜಾಲರಿಯಿಂದ ಮಾಡಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಪಂಪಿನಿಂದ ಹೊರಟ ಎಣ್ಣೆಯೆಲ್ಲ ಆ ಫಿಲ್ಟರನ್ನು ದಾಟಿಯೇ ಬೇರಿಂಗುಗಳನ್ನು ತಲುಪಬೇಕು. ವಿದ್ಯುತ್ ಮಂಡಲದ ಭಾಷೆಯಲ್ಲಿ ಹೇಳುವುದಾದರೆ ಅದು ಶ್ರೇಣಿ ಜೋಡಣೆಯಲ್ಲಿದೆ. ರಂಧ್ರಗಳನ್ನು ಸಣ್ಣದು ಮಾಡಿದಷ್ಟೂ ರೋಧ ಹೆಚ್ಚುತ್ತದೆ. ಚಳಿಗಾಲದ ಬೆಳಗ್ಗೆ ಎಣ್ಣೆ ಜೇನಿನಂತೆ ಗಟ್ಟಿಯಾಗಿರುವಾಗ ಬೇರಿಂಗುಗಳು ಎಣ್ಣೆಯಿಲ್ಲದೆ ಒಣಗಬೇಕಾಗುತ್ತದೆ. ಹಾಗಾಗದಿರಲೆಂದು ಫಿಲ್ಟರಿನಲ್ಲಿ ಒಂದು ಕವಾಟವನ್ನು ಇಟ್ಟಿರುತ್ತಾರೆ. ಒತ್ತಡ ಮಿತಿಮೀರಿದರೆ ಅದು ತೆರೆದುಕೊಂಡು ಎಣ್ಣೆಯನ್ನು ಸೋಸದೆಯೇ ಒಳಗೆ ಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳೆಯೆಣ್ಣೆಯಾದರೂ ಇರಲಿ ಎಂಬ ಲೆಕ್ಕ ಅದು.

ಇಲ್ಲಿ ಒಂದು ಪದದ ಗೊಂದಲವಿದೆ, ಎಚ್ಚರವಿರಲಿ. ಈ ಕವಾಟಕ್ಕೂ 'ಬೈಪಾಸ್ ವಾಲ್ವ್' ಎಂದೇ ಹೆಸರು. ಅದು ಫಿಲ್ಟರನ್ನು ಬಳಸಿ ಹೋಗುವ ದಾರಿ. ನಾವು ಮಾತನಾಡುತ್ತಿರುವ 'ಬೈಪಾಸ್ ಫಿಲ್ಟರ್' ಎಂದರೆ ಬಳಸು ದಾರಿಯಲ್ಲಿ ಕುಳಿತ ಫಿಲ್ಟರ್. ಒಂದು ಸೋಸುವುದನ್ನು ತಪ್ಪಿಸುತ್ತದೆ, ಇನ್ನೊಂದು ಸೋಸುವುದಕ್ಕಾಗಿಯೇ ಇದೆ.

ಬೈಪಾಸ್ ಫಿಲ್ಟರಿನದು ಸಮಾಂತರ ಜೋಡಣೆ. ಪಂಪಿನಿಂದ ಬಂದ ಎಣ್ಣೆಯಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗವನ್ನು ಮಾತ್ರ ಸಣ್ಣ ರಂಧ್ರವೊಂದರ ಮೂಲಕ ಅದರೊಳಗೆ ಬಿಡುತ್ತಾರೆ. ಅದರ ಹೂರಣ ದಟ್ಟವಾದದ್ದು. 2-3 ಮೈಕ್ರಾನಿನ ಕಣಗಳನ್ನೂ ಹಿಡಿಯುವಂಥದ್ದು. ಸೋಸಿದ ಎಣ್ಣೆ ಬೇರಿಂಗಿಗೆ ಹೋಗುವುದಿಲ್ಲ, ನೇರವಾಗಿ ಕೆಳಗಿನ ಎಣ್ಣೆತೊಟ್ಟಿಗೆ ಮರಳುತ್ತದೆ. ಆದ್ದರಿಂದ ಆ ಫಿಲ್ಟರ್ ನಿಧಾನವಾಗಿ ಸೋಸಿದರೂ ಯಾರಿಗೂ ತೊಂದರೆಯಿಲ್ಲ. ಪೂರ್ತಿ ಕಟ್ಟಿಕೊಂಡರೂ ಎಂಜಿನ್ನಿಗೆ ಎಣ್ಣೆ ಕಡಿಮೆಯಾಗುವುದಿಲ್ಲ. ನಿಲ್ಲುವುದು ಆ ಹೆಚ್ಚುವರಿ ಸೋಸುವಿಕೆ ಮಾತ್ರ.

ಇದು ಹೊಸ ಕಲ್ಪನೆಯೇನಲ್ಲ. 1920ರ ದಶಕದಲ್ಲಿ ಮೋಟಾರು ಕಾರುಗಳಿಗೆ ಮೊದಲು ಬಂದ ಎಣ್ಣೆ ಫಿಲ್ಟರುಗಳು ಬೈಪಾಸ್ ಮಾದರಿಯವೇ ಆಗಿದ್ದವು. ಎಲ್ಲ ಎಣ್ಣೆಯನ್ನೂ ಸೋಸುವ ಫಿಲ್ಟರುಗಳು ಆಮೇಲಿನ ದಶಕಗಳಲ್ಲಿ ಅವುಗಳ ಜಾಗ ಹಿಡಿದವು. ಈಗ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಬಳಸುತ್ತಿದ್ದಾರೆ ಅಷ್ಟೆ.

ಬಕೆಟ್ಟಿನ ಲೆಕ್ಕ

ಸ್ವಲ್ಪ ಸ್ವಲ್ಪವೇ ಸೋಸಿದರೆ ಎಲ್ಲವೂ ಶುದ್ಧವಾಗುವುದು ಹೇಗೆ? ಕಾರ್ಯಕ್ರಮದಲ್ಲಿ ಬಕೆಟ್ ಇಟ್ಟು ತೋರಿಸಿದ್ದನ್ನು ಇಲ್ಲಿ ಅಂಕಿಗಳಲ್ಲಿ ಬರೆಯುತ್ತೇನೆ. ಬಕೆಟ್ಟಿನಲ್ಲಿ 10 ಲೀಟರ್ ಕದಡಿದ ನೀರಿದೆ. ಒಂದು ಲೀಟರನ್ನು ತೆಗೆದು, ಪೂರ್ತಿ ಸೋಸಿ, ಮರಳಿ ಅದೇ ಬಕೆಟ್ಟಿಗೆ ಹಾಕಿ ಕಲಕುತ್ತೇವೆ. ಮಣ್ಣು ಹತ್ತರಲ್ಲಿ ಒಂಬತ್ತು ಪಾಲು ಉಳಿಯಿತು. ಮತ್ತೊಮ್ಮೆ ಹೀಗೇ ಮಾಡಿದರೆ ಉಳಿದದ್ದರ ಒಂಬತ್ತು ಪಾಲು, ಅಂದರೆ ನೂರಕ್ಕೆ 81. ಏಳು ಸಲ ಮಾಡುವ ಹೊತ್ತಿಗೆ ಅರ್ಧಕ್ಕಿಂತ ಕಡಿಮೆ. ಇಪ್ಪತ್ತು ಸಲಕ್ಕೆ ನೂರಕ್ಕೆ 12. ನಲವತ್ತನಾಲ್ಕು ಸಲಕ್ಕೆ ನೂರಕ್ಕೆ ಒಂದಕ್ಕೂ ಕಡಿಮೆ. ವಿಕಿರಣಶೀಲ ವಸ್ತು ಕ್ಷಯಿಸುವ ನಿಯಮವೂ ಇದೇ ಬಗೆಯದು ಎಂಬುದನ್ನು ಕಾಲೇಜು ವಿದ್ಯಾರ್ಥಿಗಳು ಗುರುತಿಸಿರಬಹುದು.

7.3 ಲೀಟರ್ ಎಂಜಿನ್ನಿಗೆ ಬೇಕಾಗುವ ಎಣ್ಣೆ ಸುಮಾರು 14 ಲೀಟರು. ಬೈಪಾಸ್ ಫಿಲ್ಟರಿನಲ್ಲಿ ನಿಮಿಷಕ್ಕೆ 2 ಲೀಟರ್ ಹರಿಯಿತೆಂದುಕೊಳ್ಳಿ. 7 ನಿಮಿಷಕ್ಕೆ 14 ಲೀಟರ್ ದಾಟುತ್ತದೆ. ಒಂದು ಗಂಟೆಯ ಪ್ರಯಾಣದಲ್ಲಿ 120 ಲೀಟರ್, ಅಂದರೆ ತೊಟ್ಟಿಯಲ್ಲಿರುವ ಎಣ್ಣೆಯ ಎಂಟೂವರೆ ಪಟ್ಟು.

ಆದರೆ ಬಕೆಟ್ಟಿಗೂ ಎಂಜಿನ್ನಿಗೂ ಒಂದು ವ್ಯತ್ಯಾಸವಿದೆ. ಬಕೆಟ್ಟಿಗೆ ಯಾರೂ ಹೊಸ ಮಣ್ಣು ಹಾಕುತ್ತಿಲ್ಲ. ಎಂಜಿನ್ ಪ್ರತಿ ನಿಮಿಷವೂ ಹೊಸ ಕೊಳೆಯನ್ನು ಹುಟ್ಟಿಸುತ್ತಲೇ ಇರುತ್ತದೆ. ಆದ್ದರಿಂದ ಎಣ್ಣೆ ಎಂದೂ ಪೂರ್ತಿ ಶುದ್ಧವಾಗದು. ಹುಟ್ಟುವ ಕೊಳೆಯೂ ಹಿಡಿಯುವ ಕೊಳೆಯೂ ಸಮವಾದ ಮಟ್ಟದಲ್ಲಿ ಅದು ನೆಲೆಸುತ್ತದೆ. ಬೈಪಾಸ್ ಫಿಲ್ಟರ್ ಮಾಡುವುದು ಆ ಮಟ್ಟವನ್ನು ಕೆಳಗಿಳಿಸುವ ಕೆಲಸ.

ಅಂಗಡಿಯಲ್ಲಿ 'ಐದು ಮೈಕ್ರಾನ್ ಫಿಲ್ಟರ್' ಎಂದು ಬರೆದಿದ್ದರೆ ಅಷ್ಟಕ್ಕೇ ತೃಪ್ತರಾಗಬೇಡಿ. ಐದು ಮೈಕ್ರಾನಿನ ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂಬುದು ಮುಖ್ಯ. ಇದನ್ನು ಬೀಟಾ ಅನುಪಾತದಿಂದ ಹೇಳುತ್ತಾರೆ. ಒಳಹೋದ ಕಣಗಳ ಸಂಖ್ಯೆಯನ್ನು ಹೊರಬಂದ ಕಣಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಬೀಟಾ. ಬೀಟಾ 2 ಆಗಿದ್ದರೆ ಅರ್ಧದಷ್ಟು ಕಣ ಹೊರಗೆ ಹೋಯಿತೆಂದು ಅರ್ಥ. ಬೀಟಾ 75 ಆಗಿದ್ದರೆ ಎಪ್ಪತ್ತೈದರಲ್ಲಿ ಒಂದು ಮಾತ್ರ ತಪ್ಪಿಸಿಕೊಂಡಿತು, ಹಿಡಿದದ್ದು ನೂರಕ್ಕೆ 98.7. ಎರಡು ಡಬ್ಬಿಯ ಮೇಲೂ 'ಐದು ಮೈಕ್ರಾನ್' ಎಂದೇ ಬರೆಯಬಹುದು!

ನುಣುಪಾಗಿ ಸೋಸಿದರೆ ಸವಕಳಿ ಕಡಿಮೆಯಾಗುವುದಕ್ಕೆ ಪುರಾವೆಯುಂಟೇ? ಉಂಟು. ಜನರಲ್ ಮೋಟರ್ಸ್‌ನ ಸಂಶೋಧನೆಯೊಂದು 1988ರಲ್ಲಿ ಪ್ರಕಟವಾಯಿತು. ಭಾರಿ ಡೀಸೆಲ್ ಎಂಜಿನ್ನಿನಲ್ಲಿ 40 ಮೈಕ್ರಾನಿನ ಫಿಲ್ಟರಿಗೆ ಹೋಲಿಸಿದಾಗ 30 ಮೈಕ್ರಾನಿನದು ಸವಕಳಿಯನ್ನು ಅರ್ಧಕ್ಕೆ ಇಳಿಸಿತು. 15 ಮೈಕ್ರಾನಿನದು ನೂರಕ್ಕೆ 70ರಷ್ಟು ಇಳಿಸಿತು. ಆದರೆ ಫಲಿತಾಂಶ ಬೇಗ ತಿಳಿಯಲೆಂದು ಬೇಕೆಂದೇ ದೂಳು ಬೆರೆಸಿ ನಡೆಸಿದ ಪರೀಕ್ಷೆ ಅದು. ನಿಮ್ಮ ಊರಿನ ರಸ್ತೆಯ ಟ್ರಕ್ಕಿಗೂ ಇದೇ ಅಂಕಿ ಅನ್ವಯಿಸುತ್ತದೆಂದು ಹೇಳುವುದು ವಿಜ್ಞಾನವಾಗುವುದಿಲ್ಲ. ದಿಕ್ಕು ಸರಿ, ಪ್ರಮಾಣ ಬೇರೆಯಾಗಬಹುದು.

ಈ ಎರಡು ಪವರ್ ಸ್ಟ್ರೋಕ್ ಎಂಜಿನ್ನುಗಳಿಗೆ ಇನ್ನೊಂದು ವಿಶೇಷ ಕಾರಣವೂ ಇದೆ. ಅವುಗಳಲ್ಲಿ ಎಣ್ಣೆ ಕೀಲುಗಳನ್ನು ನೆನೆಸುವುದಷ್ಟೇ ಅಲ್ಲ, ಡೀಸೆಲ್ಲನ್ನು ಸಿಲಿಂಡರಿನೊಳಗೆ ಚಿಮ್ಮಿಸುವ ಇಂಜೆಕ್ಟರುಗಳನ್ನೂ ದೂಡುತ್ತದೆ. 7.3 ಲೀಟರ್ ಎಂಜಿನ್ನಿನಲ್ಲಿ ಒಂದು ಪ್ರತ್ಯೇಕ ಪಂಪು ಎಣ್ಣೆಯ ಒತ್ತಡವನ್ನು ಚದರ ಅಂಗುಲಕ್ಕೆ 3,000 ಪೌಂಡಿನವರೆಗೆ ಏರಿಸುತ್ತದೆ. ಇದು ವಾಯುಮಂಡಲದ ಒತ್ತಡದ 200 ಪಟ್ಟು. ಇಂಜೆಕ್ಟರಿನೊಳಗೆ ಎಣ್ಣೆ ಒತ್ತುವ ತಟ್ಟೆಯ ವಿಸ್ತೀರ್ಣ ಡೀಸೆಲ್ ಒತ್ತುವ ತುದಿಯ ಏಳು ಪಟ್ಟು. ಆದ್ದರಿಂದ ಡೀಸೆಲ್ಲಿನ ಒತ್ತಡ 21,000 ಪೌಂಡಿಗೆ ಏರುತ್ತದೆ. ಹೈಡ್ರಾಲಿಕ್ ಪ್ರೆಸ್ಸಿನ ಬಗ್ಗೆ ಶಾಲೆಯಲ್ಲಿ ಓದಿದ ಪ್ಯಾಸ್ಕಲನ ನಿಯಮವೇ ಇದು. ಇಂತಹ ನಾಜೂಕಾದ ಕವಾಟಗಳೊಳಗೆ ಕೊಳೆಯೆಣ್ಣೆ ಹೋದರೆ ಸವೆಯುವುದು ಬೇರಿಂಗ್ ಮಾತ್ರವಲ್ಲ, ದುಬಾರಿಯಾದ ಎಂಟು ಇಂಜೆಕ್ಟರುಗಳೂ ಸಹ.

ಕೂಲಂಟಿನೊಳಗಿನ ಮರಳು

ಈಗ ಎರಡನೆಯ ದ್ರವಕ್ಕೆ ಬರೋಣ. ಎಂಜಿನ್ನಿನ ಕಬ್ಬಿಣದ ದಿಮ್ಮಿಯನ್ನು ಎರಕ ಹೊಯ್ದು ಮಾಡುತ್ತಾರೆ. ಅದರೊಳಗೆ ನೀರು ಹರಿಯುವ ಟೊಳ್ಳುಗಳು ಬೇಕು. ಅದಕ್ಕಾಗಿ ಮರಳಿನ ಅಚ್ಚನ್ನು ಒಳಗಿಟ್ಟು ಕರಗಿದ ಕಬ್ಬಿಣವನ್ನು ಸುರಿಯುತ್ತಾರೆ. ಆರಿದ ಮೇಲೆ ಮರಳನ್ನು ಉದುರಿಸಿ ತೆಗೆಯುತ್ತಾರೆ. ಎಲ್ಲವೂ ಹೋಗುವುದಿಲ್ಲ. ಮೂಲೆಗಳಲ್ಲಿ ಅಂಟಿಕೊಂಡು ಉಳಿದ ಮರಳು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಕಳಚುತ್ತಾ ಕೂಲಂಟಿನಲ್ಲಿ ತಿರುಗುತ್ತದೆ. ಇದರ ಜೊತೆಗೆ ತುಕ್ಕಿನ ಪುಡಿಯೂ ಇದೆ. ಕೆಲವು ಬಗೆಯ ಕೂಲಂಟುಗಳಲ್ಲಿರುವ ಸಿಲಿಕೇಟ್ ಲವಣ ಅತಿಯಾದ ಶಾಖಕ್ಕೆ ಸಿಕ್ಕಿ ಲೋಳೆಯಂತೆ ಬೇರ್ಪಡುವುದೂ ಇದೆ.

ಅಗಲವಾದ ದಾರಿಯಿರುವ ಎಂಜಿನ್ನಿನಲ್ಲಿ ಇದರಿಂದ ದೊಡ್ಡ ಅಪಾಯವಿಲ್ಲ. 6.0 ಲೀಟರ್ ಎಂಜಿನ್ನಿನಲ್ಲಿ ಎಣ್ಣೆಯನ್ನು ತಂಪು ಮಾಡಲು ತೆಳು ತಗಡುಗಳನ್ನು ಒಂದರ ಮೇಲೊಂದು ಜೋಡಿಸಿದ ಒಂದು ಪುಟ್ಟ ಆಯಿಲ್ ಕೂಲರನ್ನು ಇಟ್ಟಿದ್ದರು. ಒಂದು ಸಂದಿಯಲ್ಲಿ ಎಣ್ಣೆ, ಅದರ ಪಕ್ಕದ ಸಂದಿಯಲ್ಲಿ ಕೂಲಂಟ್. ಸಂದಿಗಳು ಬಹಳ ಕಿರಿದು. ಮರಳೂ ಲೋಳೆಯೂ ಅಲ್ಲಿ ಸೇರಿ ದಾರಿ ಕಟ್ಟಿದವು. ಮುಂದಿನದು ಇನ್ನೂ ಕೆಟ್ಟದ್ದು. ಈ ಆಯಿಲ್ ಕೂಲರಿನಿಂದ ಹೊರಬಂದ ಕೂಲಂಟೇ ಹೊಗೆಯನ್ನು ತಂಪು ಮಾಡುವ ಇನ್ನೊಂದು ಕೂಲರಿಗೆ ಹೋಗಬೇಕು. ಮಾಲಿನ್ಯ ಕಡಿಮೆಯಾಗಲೆಂದು ಉರಿದ ಹೊಗೆಯ ಒಂದಂಶವನ್ನು ತಣಿಸಿ ಮರಳಿ ಎಂಜಿನ್ನಿಗೆ ಕಳಿಸುವ ವ್ಯವಸ್ಥೆ ಅದು. ಮೊದಲನೆಯದು ಕಟ್ಟಿಕೊಂಡರೆ ಎರಡನೆಯದಕ್ಕೆ ಕೂಲಂಟ್ ಸಾಲುವುದಿಲ್ಲ. ಇರುವ ಅಲ್ಪಸ್ವಲ್ಪ ಕೂಲಂಟ್ ಕುದಿದು ಆವಿಯಾಗುತ್ತದೆ, ಕೂಲರ್ ಬಿರುಕು ಬಿಡುತ್ತದೆ, ಕೂಲಂಟ್ ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿಂದ ಮುಂದೆ ಎಂಜಿನ್ನನ್ನೇ ಬಿಚ್ಚುವ ಮಾತು. ಚಿಟಿಕೆ ಮರಳಿನಿಂದ ಶುರುವಾದದ್ದು ಸಾವಿರಾರು ಡಾಲರುಗಳ ರಿಪೇರಿಯಲ್ಲಿ ಮುಗಿಯುತ್ತಿತ್ತು.

ಈ ರೋಗವನ್ನು ಎಂಜಿನ್ ಬಿಚ್ಚದೆಯೇ ಪತ್ತೆ ಮಾಡಬಹುದು. ಎಣ್ಣೆಯ ಉಷ್ಣತೆ ಮತ್ತು ಕೂಲಂಟಿನ ಉಷ್ಣತೆ ಎರಡನ್ನೂ ಎಂಜಿನ್ನಿನ ಕಂಪ್ಯೂಟರೇ ಅಳೆಯುತ್ತಿರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಎರಡಕ್ಕೂ 15 ಡಿಗ್ರಿ ಫ್ಯಾರನ್‌ಹೀಟಿಗಿಂತ ಹೆಚ್ಚು ಅಂತರವಿರಬಾರದು. ಕೂಲಂಟ್ 190 ಡಿಗ್ರಿ, ಎಣ್ಣೆ 200 ಡಿಗ್ರಿ ಇದ್ದರೆ ಆಯಿಲ್ ಕೂಲರ್ ಆರೋಗ್ಯವಾಗಿದೆ. ಎಣ್ಣೆ 225 ಡಿಗ್ರಿಗೆ ಏರಿದರೆ ದಾರಿ ಕಟ್ಟಿದೆ ಎಂದು ತಿಳಿಯಬೇಕು. ಇದನ್ನು ಸೆಲ್ಸಿಯಸ್ಸಿಗೆ ಬದಲಾಯಿಸುವಾಗ ಒಂದು ಸೂಕ್ಷ್ಮವಿದೆ. 15 ಎಂಬುದು ಉಷ್ಣತೆಯಲ್ಲ, ಉಷ್ಣತೆಗಳ ಅಂತರ. ಆದ್ದರಿಂದ 32ನ್ನು ಕಳೆಯಬಾರದು. 15ನ್ನು ಐದರಿಂದ ಗುಣಿಸಿ ಒಂಬತ್ತರಿಂದ ಭಾಗಿಸಿದರೆ ಸಾಕು. ಉತ್ತರ ಸುಮಾರು 8 ಡಿಗ್ರಿ ಸೆಲ್ಸಿಯಸ್.

ಕೂಲಂಟ್ ಫಿಲ್ಟರ್ ಕೂಡ ಮೂತ್ರಪಿಂಡದ ಕ್ರಮದ್ದೇ. ಹೀಟರಿನ ಕೊಳವೆಯಂಥ ಒಂದು ಕವಲಿನಿಂದ ಸ್ವಲ್ಪ ಕೂಲಂಟನ್ನು ತೆಗೆದು, ತಿರುಪಿ ಕೂರಿಸುವ ಡಬ್ಬಿಯೊಂದರಲ್ಲಿ ಸೋಸಿ, ಕೂಲಂಟ್ ಬಾಟಲಿಗೆ ಮರಳಿಸುತ್ತಾರೆ. ಎರಡೂ ಕಡೆ ಒಂದೊಂದು ಕವಾಟ ಇಟ್ಟರೆ ಕೂಲಂಟ್ ಚೆಲ್ಲದೆ ಡಬ್ಬಿ ಬದಲಿಸಬಹುದು. ಭಾರಿ ಲಾರಿಗಳ ಎಷ್ಟೋ ಎಂಜಿನ್ನುಗಳಿಗೆ ತಯಾರಕರೇ ಇಂತಹ ಫಿಲ್ಟರನ್ನು ಕೊಡುವುದುಂಟು. ಪಿಕಪ್ ಮಾಲೀಕರು ಅದನ್ನೇ ಚಿಕ್ಕದಾಗಿಸಿ ತಮ್ಮ ವಾಹನಕ್ಕೆ ತಂದುಕೊಂಡರು. ಮೊದಲ ಫಿಲ್ಟರನ್ನು ಬೇಗನೆ ತೆಗೆದು, ಡಬ್ಬಿಯನ್ನು ಕತ್ತರಿಸಿ ನೋಡುವುದು ಅವರ ಪದ್ಧತಿ. ಒಳಗಿನ ಮಡಿಕೆಗಳಲ್ಲಿ ಕೂತ ಮರಳು ಬೆರಳಿಗೆ ಸಿಕ್ಕಿದಾಗ ಸಮಸ್ಯೆ ಊಹೆಯಾಗಿ ಉಳಿಯುವುದಿಲ್ಲ.

ಹಳೆಯ 7.3 ಲೀಟರ್ ಎಂಜಿನ್ನಿಗೆ ಕೂಲಂಟಿನ ತೊಂದರೆ ಇನ್ನೊಂದು ಬಗೆಯದು. ಸಿಲಿಂಡರಿನೊಳಗೆ ಡೀಸೆಲ್ ಸಿಡಿದಾಗಲೆಲ್ಲ ಅದರ ಗೋಡೆ ಗಂಟೆಯಂತೆ ಕಂಪಿಸುತ್ತದೆ. ಗೋಡೆ ಸರಕ್ಕನೆ ಹಿಂದೆ ಸರಿದಾಗ ಅದಕ್ಕೆ ತಾಗಿದ ಕೂಲಂಟಿನಲ್ಲಿ ಒತ್ತಡ ಕುಸಿದು ಆವಿಯ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಗೋಡೆ ಮರಳಿ ಬಂದಾಗ ಆ ಗುಳ್ಳೆಗಳು ಒಡೆದು ಲೋಹಕ್ಕೆ ಸುತ್ತಿಗೆಯಂತೆ ಬಡಿಯುತ್ತವೆ. ಹೀಗೆ ಲಕ್ಷಾಂತರ ಸಲ ಬಡಿದು ಕಬ್ಬಿಣಕ್ಕೆ ಸೂಜಿಯ ತೂತು ಬೀಳುತ್ತದೆ. ಇದಕ್ಕೆ ಕ್ಯಾವಿಟೇಶನ್ ಎಂದು ಹೆಸರು. ಇದನ್ನು ಯಾವ ಫಿಲ್ಟರೂ ತಡೆಯಲಾರದು. ಗೋಡೆಯ ಮೇಲೆ ತೆಳುವಾದ ರಕ್ಷಣಾ ಪೊರೆ ಕಟ್ಟುವ ನೈಟ್ರೈಟಿನಂತಹ ರಾಸಾಯನಿಕ ಕೂಲಂಟಿನಲ್ಲಿ ಸಾಕಷ್ಟಿರಬೇಕು. ಪೊರೆ ಏಟು ತಿಂದು ಹೋಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ, ಲೋಹ ಉಳಿಯುತ್ತದೆ. ಕೆಲವು ಕೂಲಂಟ್ ಫಿಲ್ಟರುಗಳ ಒಳಗೇ ಈ ರಾಸಾಯನಿಕವನ್ನು ತುಂಬಿರುತ್ತಾರೆ. ಹಳೆಯ ಮಾದರಿಯ ಕೂಲಂಟಿಗೆ ಅದು ಸರಿ. ದೀರ್ಘಾವಧಿಯ ಹೊಸ ಕೂಲಂಟ್ ಹಾಕಿದವರು ರಾಸಾಯನಿಕವಿಲ್ಲದ ಬರಿಯ ಫಿಲ್ಟರನ್ನೇ ಬಳಸಬೇಕು. ಇಲ್ಲದಿದ್ದರೆ ಎರಡರ ಲೆಕ್ಕ ತಪ್ಪುತ್ತದೆ.

ನಮ್ಮ ರಸ್ತೆಗಳಿಗೂ ಇದರಲ್ಲಿ ಒಂದು ಪಾಠವಿದೆ. ರೇಡಿಯೇಟರ್ ಕುದಿದಾಗ ಹತ್ತಿರದ ಕೊಳವೆಬಾವಿಯ ನೀರನ್ನೇ ಸುರಿದು ಮುಂದೆ ಹೋಗುವುದನ್ನು ನೀವು ಕಂಡಿರುತ್ತೀರಿ. ಕರ್ನಾಟಕದ ಬಯಲುಸೀಮೆಯ ಎಷ್ಟೋ ಕೊಳವೆಬಾವಿಗಳದು ಗಡಸು ನೀರು. ಬಚ್ಚಲ ಹಂಡೆಯ ಒಳಗೆ ಕಟ್ಟುವ ಬಿಳಿಯ ಹರಳೇ ಎಂಜಿನ್ನಿನೊಳಗೂ ಕಟ್ಟುತ್ತದೆ. ಅದು ಶಾಖವನ್ನು ಹೊರಗೆ ಬಿಡುವುದಿಲ್ಲ. ಗೋಡೆಗೆ ಅಂಟಿದ ಹರಳನ್ನು ಫಿಲ್ಟರ್ ಕೀಳಲಾರದು. ಬಟ್ಟಿ ಇಳಿಸಿದ ನೀರು ಬೆರೆಸಿದ ಕೂಲಂಟೇ ಮೊದಲ ಮದ್ದು.

ಜೋಡಿಸುವಾಗಿನ ಜಾಣತನ

ಸೇರಿಸುವ ಪ್ರತಿಯೊಂದು ಕೊಳವೆಯೂ ಸೋರುವುದಕ್ಕೆ ಒಂದು ಹೊಸ ಜಾಗ. ಎಣ್ಣೆಯ ಬೈಪಾಸ್ ಕೊಳವೆ ಬಿಸಿ ಹೊಗೆನಳಿಗೆಗೆ ತಾಗಿಯೋ ಚೂಪಾದ ಅಂಚಿಗೆ ಉಜ್ಜಿಯೋ ಹರಿದರೆ, ನಿಮಿಷಕ್ಕೆ 2 ಲೀಟರಿನಂತೆ ಸೋರಿದರೂ 14 ಲೀಟರ್ 7 ನಿಮಿಷದಲ್ಲಿ ಖಾಲಿ. ಬಿಸಿ ಲೋಹದ ಮೇಲೆ ಎಣ್ಣೆ ಬಿದ್ದರೆ ಬೆಂಕಿಯ ಭಯವೂ ಇದೆ. ಆದ್ದರಿಂದ ಬಿಸಿ ಎಣ್ಣೆಯನ್ನೂ ಒತ್ತಡವನ್ನೂ ತಾಳುವ ಕೊಳವೆ, ಅಲುಗಾಡದಂತೆ ಹಿಡಿಕೆಗಳು, ಜೋಡಿಸಿದ ಮೇಲೆ ಎಂಜಿನ್ ಓಡಿಸಿ ಸೋರಿಕೆಯ ತಪಾಸಣೆ, ಫಿಲ್ಟರ್ ಕುಡಿದಷ್ಟು ಎಣ್ಣೆಯನ್ನು ಮತ್ತೆ ತುಂಬುವುದು - ಇವು ಫಿಲ್ಟರಿನಷ್ಟೇ ಮುಖ್ಯ.

ಹರಿವನ್ನು ಹಿಡಿತದಲ್ಲಿಡುವ ಸಣ್ಣ ರಂಧ್ರದ ಮಹತ್ವ ಇಲ್ಲಿ ತಿಳಿಯುತ್ತದೆ. ಅದರ ವ್ಯಾಸ 1.6 ಮಿಲಿಮೀಟರ್ ಎಂದಿಟ್ಟುಕೊಂಡರೆ ವಿಸ್ತೀರ್ಣ 2 ಚದರ ಮಿಲಿಮೀಟರ್. 10 ಮಿಲಿಮೀಟರ್ ವ್ಯಾಸದ ಕೊಳವೆಯದು 78. ರಂಧ್ರವಿಲ್ಲದೆ ಕೊಳವೆಯನ್ನು ನೇರವಾಗಿ ತೆರೆದುಬಿಟ್ಟರೆ ಬೇರಿಂಗುಗಳ ಒತ್ತಡವೇ ಕುಸಿಯುತ್ತದೆ. ಆ ರಂಧ್ರ ಕೊಳವೆಯ ಎಂಜಿನ್ ಕಡೆಯ ತುದಿಯಲ್ಲಿದ್ದರೆ, ಮುಂದಿನ ಕೊಳವೆ ಹರಿದಾಗಲೂ ಸೋರಿಕೆಗೆ ಕಡಿವಾಣ ಹಾಕುತ್ತದೆ.

ಫಿಲ್ಟರ್ ಮಾಡದ ಕೆಲಸ

ಬೈಪಾಸ್ ಫಿಲ್ಟರ್ ಹಾಕಿದರೆ ಎಣ್ಣೆಯನ್ನು ಎಂದೂ ಬದಲಿಸಬೇಕಿಲ್ಲ ಎಂದು ಮಾರುವವರು ಹೇಳಬಹುದು. ಎಣ್ಣೆ ಕೆಡುವುದು ಕಣಗಳಿಂದ ಮಾತ್ರವಲ್ಲ. ಆಮ್ಲಗಳನ್ನು ತಟಸ್ಥಗೊಳಿಸಲು ಬೆರೆಸಿದ ಪ್ರತ್ಯಾಮ್ಲ ಖರ್ಚಾಗುತ್ತಾ ಹೋಗುತ್ತದೆ. ಡೀಸೆಲ್ ಸೋರಿ ಬೆರೆತು ಎಣ್ಣೆ ತೆಳುವಾಗುತ್ತದೆ. ಇವೆರಡನ್ನೂ ಫಿಲ್ಟರ್ ಸರಿಪಡಿಸದು. ಎಷ್ಟು ದಿನ ಬಳಸಬಹುದೆಂದು ತಿಳಿಯಲು ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಬೇಕು. ಅಲ್ಲಿನ ವರದಿ ರಕ್ತಪರೀಕ್ಷೆಯ ವರದಿಯಿದ್ದಂತೆ. ಕಬ್ಬಿಣ ಹೆಚ್ಚಿದ್ದರೆ ಸವಕಳಿ, ಸಿಲಿಕಾನ್ ಹೆಚ್ಚಿದ್ದರೆ ದೂಳು, ಸೋಡಿಯಂ-ಪೊಟಾಸಿಯಂ ಹೆಚ್ಚಿದ್ದರೆ ಕೂಲಂಟ್ ಸೋರಿಕೆಯ ಶಂಕೆ.

ಈ ಎಚ್ಚರಿಕೆಯೊಂದಿಗೆ ಬಳಸಿದರೆ ಲಾಭವುಂಟು. ಅಮೆರಿಕದ ಇಡಾಹೊ ರಾಷ್ಟ್ರೀಯ ಪ್ರಯೋಗಾಲಯ 2002ರಿಂದ ತನ್ನ ಡೀಸೆಲ್ ಬಸ್ಸುಗಳಿಗೆ ಬೈಪಾಸ್ ಫಿಲ್ಟರ್ ಅಳವಡಿಸಿ ಪರೀಕ್ಷಿಸಿತು. ಅಂತಿಮ ವರದಿ 2006ರಲ್ಲಿ ಬಂತು. ಪ್ರಯೋಗಾಲಯದ ತಪಾಸಣೆಯ ಆಧಾರದ ಮೇಲೆ ಎಣ್ಣೆ ಬದಲಿಸುವ ಸಂದರ್ಭಗಳನ್ನು ಬಹುಮಟ್ಟಿಗೆ ಕಡಿಮೆ ಮಾಡಲು ಸಾಧ್ಯವಾಯಿತು. ಇದು ಹಣದ ಉಳಿತಾಯ ಮಾತ್ರವಲ್ಲ. ಒಂದು ಸಲ ಬದಲಿಸಿ ಚೆಲ್ಲಿದ ಎಣ್ಣೆ 10 ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಎಚ್ಚರಿಸುತ್ತದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಆಯಿಲ್ ಕೂಲರ್ ಆಗಲೇ ಕಟ್ಟಿಕೊಂಡ ಟ್ರಕ್ಕಿಗೆ ಕೂಲಂಟ್ ಫಿಲ್ಟರ್ ಹಾಕಿದರೆ ಪ್ರಯೋಜನವಿಲ್ಲ. ಕಟ್ಟಿದ ಸಂದಿಯನ್ನು ಅದು ಬಿಡಿಸದು. ಮೊದಲು ಉಷ್ಣತೆಗಳ ಅಂತರ ನೋಡಬೇಕು. ಕಟ್ಟಿದ್ದರೆ ವ್ಯವಸ್ಥೆಯನ್ನೆಲ್ಲ ತೊಳೆದು, ಕೂಲರನ್ನು ಬದಲಿಸಬೇಕು. ಅದು ಮತ್ತೆ ಕಟ್ಟದಿರಲೆಂದು ಆಮೇಲೆ ಫಿಲ್ಟರ್. ಗಾಳಿ ಫಿಲ್ಟರಿನ ಸೀಲು ಸಡಿಲವಾಗಿ ದೂಳು ನುಗ್ಗುತ್ತಿದ್ದರೆ ಮೊದಲು ಸೀಲು, ಆಮೇಲೆ ಎಣ್ಣೆಯ ಬೈಪಾಸ್ ಫಿಲ್ಟರ್. ಕೊಳೆ ಬರುವ ಬಾಗಿಲನ್ನು ತೆರೆದಿಟ್ಟು ಒಳಗೆ ಗುಡಿಸುತ್ತಾ ಕೂತರೆ ಮನೆ ಶುಭ್ರವಾಗುವುದಿಲ್ಲ.

ನೀವೇ ಮಾಡಿ ನೋಡಿ

ಪರಿಚಯದ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯವರನ್ನು ಕೇಳಿ ಮೂರು ಪುಟ್ಟ ಸೀಸೆಗಳಲ್ಲಿ ಎಣ್ಣೆ ತನ್ನಿ: ಹೊಸದು, ಅರ್ಧ ಬಳಸಿದ್ದು, ಬದಲಿಸಲು ತೆಗೆದದ್ದು. ಕೈಗೆ ತಾಗದಂತೆ ನೋಡಿಕೊಳ್ಳಿ. ಸೋಸುಕಾಗದದ ಮೇಲೆ ಒಂದೊಂದು ತೊಟ್ಟು ಹಾಕಿ ಒಂದು ದಿನ ಬಿಡಿ. ಹೊಸ ಎಣ್ಣೆ ತಿಳಿಯಾಗಿ ಹರಡುತ್ತದೆ. ಮಸಿಯನ್ನು ಇನ್ನೂ ಚದುರಿಸಿ ಇಟ್ಟುಕೊಳ್ಳಬಲ್ಲ ಎಣ್ಣೆಯ ಕಪ್ಪು ಅಂಚಿನವರೆಗೂ ಮೆಲ್ಲನೆ ಹಬ್ಬುತ್ತದೆ. ಆ ಶಕ್ತಿ ಕಳೆದುಕೊಂಡ ಎಣ್ಣೆಯಲ್ಲಿ ನಡುವೆ ಕಡುಗಪ್ಪು ಚುಕ್ಕೆ, ಅದರ ಸುತ್ತ ಬಿಳಿಚಿದ ಉಂಗುರ ಉಳಿಯುತ್ತದೆ. ಕಾಗದದ ಕೆಳಗೆ ದಿನಾಂಕ, ವಾಹನ, ಓಡಿದ ಕಿಲೋಮೀಟರ್ ಬರೆದಿಡಿ. ಉಳಿದ ಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಗ್ಯಾರೇಜಿಗೇ ಮರಳಿಸಿ. ಹತ್ತು ವಾಹನಗಳ ಕಾಗದಗಳು ಸೇರಿದ ಮೇಲೆ ಅವನ್ನು ಮೇಸ್ತ್ರಿಯವರ ಮುಂದಿಟ್ಟು, ಯಾವ ಎಂಜಿನ್ನಿಗೆ ಏನಾಗಿದೆ ಎಂದು ನಿಮಗನ್ನಿಸುತ್ತದೆಂಬುದನ್ನು ಅವರಿಗೆ ಹೇಳಿ, ಅವರ ಅನುಭವ ಏನು ಹೇಳುತ್ತದೆಂದು ಕೇಳಿ. ನಿಮ್ಮ ಪುಸ್ತಕದ ವಿಜ್ಞಾನವೂ ಅವರ ಕೈಯ ವಿಜ್ಞಾನವೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂಬುದು ಅಲ್ಲಿ ಗೊತ್ತಾಗುತ್ತದೆ.